ವಿಮಾನದ ಹೊಗೆಗೆ ಹೊಣೆ ಯಾರು: ಪಾಲು ಗುರುತಿಸುವ ಬಗೆ

ದೇವನಹಳ್ಳಿಯ ವಿಮಾನ ನಿಲ್ದಾಣ ಚಿಕ್ಕಬಳ್ಳಾಪುರಕ್ಕೆ ಹತ್ತಿರವಿರುವುದರಿಂದ ನಮ್ಮ ಕಡೆಯವರಿಗೆ ವಿಮಾನ ಹತ್ತುವುದು ಈಗ ದೂರದ ಮಾತಲ್ಲ. ಆ ಹೊಗೆಯ ಹೊಣೆ ಯಾರದೆಂದು ತಿಳಿಯಲು ಮೊದಲು ಪ್ರಯಾಣವು ದೇಶದೊಳಗಿನದೋ ಹೊರಗಿನದೋ ನೋಡಿ.

ದೆಹಲಿಗೆ ಹೋದರೆ ಅದರ ಇಂಗಾಲವು ಭಾರತದ ಹೊರಸೂಸುವಿಕೆಯ ಲೆಕ್ಕಕ್ಕೆ ಸೇರುತ್ತದೆ. ದುಬೈಗೆ ಹೋದರೆ ಅದು ಯಾವ ದೇಶದ ಮೊತ್ತಕ್ಕೂ ಸೇರದೆ ಪ್ರತ್ಯೇಕವಾಗಿ ಉಳಿಯುತ್ತದೆ. ಅದನ್ನು ತಗ್ಗಿಸುವ ಕೆಲಸವನ್ನು ಹವಾಮಾನ ಬದಲಾವಣೆ ಕುರಿತ 1997ರ ಕ್ಯೋಟೋ ಒಪ್ಪಂದವು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೂಲಕ ನಡೆಸಬೇಕೆಂದು ಹೇಳಿತು. ಆ ಸಂಸ್ಥೆ 2016ರಲ್ಲಿ ಅಂಗೀಕರಿಸಿದ ಕೋರ್ಸಿಯಾ ಯೋಜನೆಯ ಪ್ರಕಾರ, ನಿಗದಿತ ಮಟ್ಟ ಮೀರಿದ ಹೊರಸೂಸುವಿಕೆಗೆ ವಿಮಾನ ಕಂಪನಿಗಳು ಇಂಗಾಲದ ಕ್ರೆಡಿಟ್ (ಬೇರೆಡೆ ಯಾರೋ ಇಂಗಾಲ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಕೊಳ್ಳಬೇಕು. ಕ್ರೆಡಿಟ್ ಕೊಂಡ ಮಾತ್ರಕ್ಕೆ ಆಕಾಶಕ್ಕೆ ಬಿಟ್ಟ ಹೊಗೆ ಮರಳಿ ಬಾರದು ಎಂಬುದು ಬೇರೆ ಮಾತು.

ಆನಂತರ ಟಿಕೆಟ್‌ನ ಹಣ ಕೊಟ್ಟವರಾರೆಂದು ಕೇಳಿ. ಕೋಲಾರದ ನರಸಾಪುರದ ಕಾರ್ಖಾನೆಯೊಂದು ಒಂದು ಗಂಟೆಯ ಸಭೆಗಾಗಿ ಎಂಜಿನಿಯರರನ್ನು ಪುಣೆಗೆ ಕಳುಹಿಸಿದರೆ, ನನ್ನ ಅಭಿಪ್ರಾಯದಲ್ಲಿ ದೊಡ್ಡ ಪಾಲು ಕಳುಹಿಸಿದವರದೇ. ವಿಡಿಯೋ ಕರೆ ಸಾಕೇ ಎಂದು ಆಡಳಿತವನ್ನು ಬರಹದಲ್ಲೇ ಕೇಳಿ. ಮದುವೆಗೋ ಯಾತ್ರೆಗೋ ಹೊರಟಿದ್ದರೆ ಪಾಲು ನಿಮ್ಮದು.

ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬಿಸಿನೆಸ್ ದರ್ಜೆಯ ಆಸನವು ಹೆಚ್ಚು ಜಾಗ ಹಿಡಿಯುವುದರಿಂದ ಅದರ ಪಾಲೂ ಹೆಚ್ಚು. ಹೈದರಾಬಾದಿಗಾದರೆ ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಇಳಿಯಬಹುದು.