ಮಂಡಕ್ಕಿ ಯಾಕೆ ಉಬ್ಬುತ್ತೆ ಅಂತ ಮಗು ಕೇಳಿದರೆ

ದಾವಣಗೆರೆಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನದೆ ಬೆಳೆದ ಮಕ್ಕಳು ಇರಲಿಕ್ಕಿಲ್ಲ. ಒಂದಿನ ನನ್ನ ಮಗಳು ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ "ಅಕ್ಕಿ ಇಷ್ಟು ದಪ್ಪ ಹೇಗಾಯ್ತಪ್ಪಾ?" ಅಂದಳು. ನಾನು ಫೋನ್ ತೆಗೆದು ಓದಿ ಹೇಳಿದೆ. "ಹೂಂ" ಅಂದು ಎದ್ದು ಹೋದಳು. ಒಳ್ಳೆ ಪ್ರಶ್ನೆಯನ್ನು ನಾನೇ ಕೆಡಿಸಿದ್ದೆ.

ಈಗ ಹಾಗೆ ಮಾಡಲ್ಲ. "ನಿನಗೇನನ್ಸುತ್ತೆ?" ಅಂತ ಕೇಳಿ ಮೊದಲು ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಊಹೆ ತಪ್ಪಿದ್ದರೂ ಅಳಿಸಬಾರದು, ಇದೊಂದೇ ನಿಯಮ.

ಮನೆಯಲ್ಲಿ ಮರಳು ಕಾಯಿಸುವ ಭಟ್ಟಿ ಇಲ್ಲ, ಆದ್ದರಿಂದ ಪಾಪ್‌ಕಾರ್ನ್ ಜೋಳ ತನ್ನಿ. 50 ಕಾಳುಗಳ ಮೂರು ಪಾಲು ಮಾಡಿ. ಒಂದು ಪಾಲು ಇದ್ದ ಹಾಗೇ ಇರಲಿ, ಇನ್ನೊಂದನ್ನು ವಾರವಿಡೀ ನಮ್ಮೂರಿನ ಸುಡುಬಿಸಿಲಲ್ಲಿ ಒಣಗಿಸಿ, ಮೂರನೆಯದರ ಪ್ರತಿ ಕಾಳಿಗೂ ದಪ್ಪ ಸೂಜಿಯಿಂದ ತೂತು ಮಾಡಿ (ಇದನ್ನು ದೊಡ್ಡವರೇ ಮಾಡಿ, ಬೆರಳಿಗೆ ಚುಚ್ಚಿಕೊಳ್ಳುತ್ತದೆ). ಅದೇ ಬಾಣಲೆ, ಅದೇ ಉರಿ, ಅಷ್ಟೇ ಹೊತ್ತು. ಒಂದನ್ನು ಬಿಟ್ಟು ಬೇರೇನೂ ಬದಲಾಗಬಾರದು ಅಂತ ಭಾಷಣ ಮಾಡುವುದೇ ಬೇಡ, ಎರಡನೇ ಪಾಲಿಗೆ ಉರಿ ಜಾಸ್ತಿ ಇಟ್ಟರೆ "ಇದು ಮೋಸ" ಅಂತ ಮಗುವೇ ಕೂಗುತ್ತದೆ. ಎಷ್ಟು ಅರಳಿದವು, ಎಣಿಸಿ. ಕಾಳಿನೊಳಗಿನ ನೀರು ಹಬೆಯಾಗಿ, ಗಟ್ಟಿ ಸಿಪ್ಪೆ ಅದನ್ನು ತಡೆದು, ಸುಮಾರು 180 ಡಿಗ್ರಿಯಲ್ಲಿ ಸಿಡಿಯುತ್ತದೆ. ತೂತಿದ್ದರೆ ಹಬೆ ಸೋರಿಹೋಗುತ್ತದೆ. ಇದು ಮಗುವಿಗೆ ತಾನಾಗಿ ಹೊಳೆಯಲು ಎರಡು ದಿನ ಹಿಡಿದರೂ ಹಿಡಿಯಲಿ. ಆಮೇಲೆ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿ. ಅಲ್ಲಿ ಅಕ್ಕಿಯನ್ನು ಉಬ್ಬಿಸುವುದೂ ಒಳಗಿನ ತೇವದ ಹಬೆಯೇ, ಮರಳು ಇರುವುದು ಕಾಳಿನ ಸುತ್ತಲೂ ಒಂದೇ ಸಮ ಕಾವು ತಗುಲಲಿ ಅಂತ.

ಮಳೆಗಾಲದಲ್ಲಿ ಅಳೆಯುವ ಕೆಲಸ ಕೊಡಿ. ನೇರ ಗೋಡೆಯ ಡಬ್ಬಿಯೊಂದನ್ನು ತಾರಸಿ ಮೇಲಿಟ್ಟು ಸ್ಕೇಲ್ ಇಳಿಸಿದರೆ ಸಾಕು. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಬಿದ್ದರೆ 2,000 ಲೀಟರ್! ಈ ಲೆಕ್ಕ ತಲೆಗೆ ಹೋದ ಮೇಲೆ ಚಿತ್ರದುರ್ಗದ ಕೋಟೆ ಹತ್ತಿಸಿ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿ ಅಕ್ಕ-ತಂಗಿ ಹೊಂಡಕ್ಕೆ ಹೇಗೆ ಇಳಿಯುತ್ತದೆ ಅಂತ ಮಗುವೇ ಹುಡುಕಲಿ. ಓಬವ್ವನ ಕಿಂಡಿಯಲ್ಲಿ ಫೋಟೋ ಆಮೇಲೆ.

ಕೆಟ್ಟ ಟಾರ್ಚ್, ಗೋಡೆ ಗಡಿಯಾರ, ಆಟಿಕೆ ಕಾರು ಬಿಚ್ಚಲು ಬಿಡಿ. ಹಳೆ ಟಿವಿ, ಮೈಕ್ರೋವೇವ್, ಮೊಬೈಲ್ ಬ್ಯಾಟರಿ ಮಾತ್ರ ಖಂಡಿತ ಬೇಡ.

ಹೊಸದೇನಾದರೂ ಕಂಡುಹಿಡಿಸಬೇಕಾ? "ಅಜ್ಜಿಗೆ ಯಾವ ಕೆಲಸ ಬೇಜಾರು?" ಅಂತ ಕೇಳಿಸಿ. ಅಂಗಡಿಯಿಂದ ತಂದ ಥರ್ಮಾಕೋಲ್ ಜ್ವಾಲಾಮುಖಿಗೆ ಬಹುಮಾನ ಕೊಟ್ಟ ವಸ್ತುಪ್ರದರ್ಶನವನ್ನೂ ನೋಡಿದ್ದೇನೆ, ಅದರಿಂದ ಯಾರಿಗೂ ಏನೂ ಬರಲಿಲ್ಲ. ನಮ್ಮಲ್ಲಿ ಅಜ್ಜಿಯಿಂದ ಸಿಕ್ಕ ಉತ್ತರ ಶೇಂಗಾ ಸುಲಿಯುವುದು. ಐಡಿಯಾ ಗಟ್ಟಿಯಾದರೆ ಶಾಲೆಯ ಮೂಲಕ ಇನ್‌ಸ್ಪೈರ್ ಮಾನಕ್‌ಗೆ (ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರದ ಯೋಜನೆ) ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ.

ಮೊದಲ ಮಾದರಿ ಕೆಲಸ ಮಾಡಲ್ಲ, ಮಗು ಅಳುತ್ತದೆ. ಆಗ ನಾನು ಚಳ್ಳಕೆರೆ ಕಥೆ ಹೇಳುತ್ತೇನೆ. ಅಲ್ಲಿ 2023ರ ಏಪ್ರಿಲ್‌ನಲ್ಲಿ ಇಸ್ರೋದವರು ಬಾಹ್ಯಾಕಾಶಕ್ಕೆ ಹೋಗಿ ವಿಮಾನದಂತೆ ಮರಳಿ ಇಳಿಯಲೆಂದು ರೂಪಿಸುತ್ತಿರುವ ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು, ಅದು ತಾನಾಗಿ ರನ್‌ವೇಗೆ ಇಳಿಯಿತು. ಗೆದ್ದೆವು ಅಂತ ಸುಮ್ನೆ ಕೂರಲಿಲ್ಲ. 2024ರಲ್ಲಿ ಬೇಕಂತಲೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ, ಆಮೇಲೆ ಗಾಳಿ ಜಾಸ್ತಿ ಇದ್ದಾಗ 500 ಮೀಟರ್ ಪಕ್ಕಕ್ಕೆ ಬಿಟ್ಟು ನೋಡಿದರು.

ನಮ್ಮ ಶೇಂಗಾ ಸುಲಿಯುವ ಹಲಗೆ ಈಗ ನಾಲ್ಕನೆಯದು. ಸಂದು ಇನ್ನೂ ಕಿರಿದಾಗಿದೆ, ಕಾಳು ಒಡೆಯುತ್ತಿದೆ. ಮನೆಯಲ್ಲಿ ಚಟ್ನಿಪುಡಿಗೆ ಮಾತ್ರ ಬರ ಇಲ್ಲ.