ಎಂಪ್ರೆಸ್ ಕ್ಯಾನ್ಯನ್‌ಗೆ ಇಳಿದ ದಿನ

ಜನವರಿ ಅಂದರೆ ಸಿಡ್ನಿಯಲ್ಲಿ ನಡುಬೇಸಿಗೆ. ಆ ಶನಿವಾರ ಬೆಳಗಿನ ಜಾವವೇ ನಾವು ಐದು ಜನ ಸ್ನೇಹಿತರು ಪ್ಯಾರಾಮಟ್ಟಾದಿಂದ ಕಾರು ಹತ್ತಿ ಬ್ಲೂ ಮೌಂಟನ್ಸ್‌ನ ವೆಂಟ್‌ವರ್ತ್ ಫಾಲ್ಸ್ ಊರಿಗೆ ಹೋದೆವು. ಅಲ್ಲಿ ಎಂಪ್ರೆಸ್ ಕ್ಯಾನ್ಯನ್ ಇದೆ. ಮರಳುಗಲ್ಲನ್ನು ನೀರು ಕೊರೆದು ಕೊರೆದು ಮಾಡಿದ ಇಕ್ಕಟ್ಟಾದ ಕೊರಕಲು. ಅದರೊಳಗೆ ನಡೆದು, ಈಜಿ, ಬಂಡೆಯಿಂದ ಮಡುವಿಗೆ ಹಾರಿ, ಕೊನೆಗೆ ಸುಮಾರು 30 ಮೀಟರ್ ಎತ್ತರದ ಜಲಪಾತದಲ್ಲೇ ಹಗ್ಗದ ಮೇಲೆ ಇಳಿಯಬೇಕು.

ನಮ್ಮಲ್ಲಿ ಒಬ್ಬನಿಗೆ ಮಾತ್ರ ಇದರಲ್ಲಿ ಹಳೆಯ ಅನುಭವ. ಅವನು ನಮ್ಮನ್ನು ನೇರವಾಗಿ ನೀರಿಗೆ ಇಳಿಸಲಿಲ್ಲ. ಮೊದಲು ಎರಡು ಭಾನುವಾರ ಮೌಂಟ್ ಯಾರ್ಕ್‌ನ ಒಣ ಬಂಡೆಗಳ ಮೇಲೆ ಹಗ್ಗದಲ್ಲಿ ಇಳಿಸಿದ. 'ಇಲ್ಲಿ ಭಯ ಆದ್ರೆ ಬಿಟ್ಟು ಮನೆಗೆ ಹೋಗಬಹುದು. ಕೊರಕಲಲ್ಲಿ ಒಂದ್ಸಲ ಕೆಳಗೆ ಹಾರಿದ ಮೇಲೆ ವಾಪಸ್ ದಾರಿ ಇಲ್ಲ ಕಣೋ' ಅಂದ. ಅವನ ಈ ಮಾತನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಹೊರಡುವ ಮೊದಲು ಮಳೆಯ ರಾಡಾರ್ ನೋಡಿದೆವು. ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ತೊರೆಯ ಮೇಲ್ಗಡೆ ಎಲ್ಲೋ ಗುಡುಗು ಮಳೆ ಬಿದ್ದರೆ ಕೊರಕಲು ತುಂಬಿಬಿಡುತ್ತದೆ, ಹತ್ತಿ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಕಟೂಂಬಾ ಪೊಲೀಸ್ ಠಾಣೆಯಿಂದ ತುರ್ತು ಸಂಕೇತ ಕಳಿಸುವ ಬೀಕನ್ ತಂದಿದ್ದೆವು. ಅಲ್ಲಿ ಅದನ್ನು ಪುಕ್ಕಟೆಯಾಗಿ ಎರವಲು ಕೊಡುತ್ತಾರೆ. ಹೆಂಡತಿಗೆ ಹೇಳಿದ್ದೆ: 'ಐದು ಗಂಟೆಗೆ ಫೋನ್ ಬರಲಿಲ್ಲ ಅಂದ್ರೆ 000ಗೆ ಹೇಳು.' ಅದು ಇಲ್ಲಿನ ತುರ್ತು ಸಹಾಯದ ನಂಬರು.

ನೀರಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್, ಹಗ್ಗಕ್ಕೆ ಸಿಕ್ಕಿಸಿಕೊಳ್ಳುವ ಸೊಂಟದ ಪಟ್ಟಿ ಅಂದರೆ ಹಾರ್ನೆಸ್, ಹೆಲ್ಮೆಟ್, ಕಾಲಿಗೆ ಡನ್‌ಲಪ್ ವಾಲಿ. ಈ ಅಗ್ಗದ ಟೆನಿಸ್ ಶೂ ಒದ್ದೆ ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆ, ಇಲ್ಲಿನ ಅನೇಕರು ಹಿಂದಿನಿಂದಲೂ ಇದನ್ನೇ ಹಾಕುತ್ತಾರೆ. ಬಿಸಿಲಲ್ಲಿ ಆ ವೆಟ್‌ಸೂಟ್ ಏರಿಸುವಷ್ಟರಲ್ಲಿ ಬೆವರಿಳಿಯಿತು. ನೀರಿಗೆ ಕಾಲಿಟ್ಟಾಗ ಅದರ ಬೆಲೆ ಗೊತ್ತಾಯಿತು. ಬಿಸಿಲು ತಲುಪದ ಜಾಗ ಅದು, ನಡುಬೇಸಿಗೆಯಲ್ಲೂ ಮೈ ಕೊರೆಯುವ ಚಳಿ. ನಮ್ಮೂರ ತೋಟದ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು ನಾನು. ಬಾವಿಯ ಗೋಡೆಗೆ ಇದ್ದ ಅದೇ ಪಾಚಿಯ ವಾಸನೆ ಇಲ್ಲೂ ಇತ್ತು.

ಪ್ರತಿ ಮಡುವಿಗೂ ಮೊದಲು ಒಬ್ಬರು ನಿಧಾನಕ್ಕೆ ಇಳಿದು ಆಳ ನೋಡುತ್ತಿದ್ದರು. ಹೋದ ತಿಂಗಳು ಆಳವಿದ್ದ ಕಡೆ ಈಗ ಮರದ ದಿಮ್ಮಿ ಬಂದು ಕೂತಿರಬಹುದು. ಎರಡಾಳು ಎತ್ತರದ ಒಂದು ಬಂಡೆಯ ಮೇಲೆ ಗೆಳತಿಯೊಬ್ಬಳು ನಿಂತೇಬಿಟ್ಟಳು. ಯಾರೂ ಒತ್ತಾಯ ಮಾಡಲಿಲ್ಲ. ಪಕ್ಕದ ಬಂಡೆ ಹಿಡಿದು ಮೆಲ್ಲಗೆ ಇಳಿದು ಬಂದಳು. ಹಾಗೆ ಬಿಡುವ ಸ್ನೇಹಿತರ ಜೊತೆ ಮಾತ್ರ ಇಂಥ ಕಡೆ ಹೋಗಬೇಕು.

ಕೊನೆಯ ಜಲಪಾತದಲ್ಲಿ ಒಂದು ವಿಷಯ ನನ್ನನ್ನು ಗಾಬರಿಪಡಿಸಿತು. ಒಣ ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕದೆ ಇಳಿಯಲೇಬಾರದು, ತುದಿ ದಾಟಿ ಜಾರಿ ಬೀಳಬಹುದು ಅಂತ ಕಲಿತಿದ್ದೆವು. ಇಲ್ಲಿ ತುದಿಗೆ ಗಂಟೇ ಇಲ್ಲ! ಕೆಳಗೆ ಮಡು. ನೀರು ತಲೆಯ ಮೇಲೆ ಸುರಿಯುವಾಗ ಹಗ್ಗಕ್ಕೆ ಸಿಕ್ಕಿಕೊಂಡರೆ ಮುಳುಗುವ ಅಪಾಯ. ಅದಕ್ಕೆ ಹಗ್ಗ ನೀರು ಮುಟ್ಟುವಷ್ಟೇ ಉದ್ದ ಬಿಡುತ್ತಾರೆ. ಹಾರ್ನೆಸ್‌ನಲ್ಲಿ ಹಗ್ಗ ತಡೆಯುವ ಸಾಧನದಿಂದ ತುದಿ ತಾನಾಗಿ ಜಾರಿ ಹೊರಬರಬೇಕು, ನಾವು ಈಜಿಕೊಂಡು ದೂರ ಹೋಗಬೇಕು.

ಅರ್ಧ ದಾರಿಯಲ್ಲಿ ನನ್ನ ಕಾಲು ಜಾರಿತು. ಭುಜ ಬಂಡೆಗೆ ಬಡಿಯಿತು, ಮುಖದ ತುಂಬ ನೀರು, ಏನೂ ಕಾಣುತ್ತಿಲ್ಲ. ಹಗ್ಗ ಬೆರಳುಗಳ ನಡುವೆ ಸರಸರ ಓಡಿತು. ಅಷ್ಟರಲ್ಲಿ ಕೆಳಗಿದ್ದ ಗೆಳೆಯ ಹಗ್ಗವನ್ನು ಬಿಗಿಯಾಗಿ ಜಗ್ಗಿದ, ಸಾಧನದಲ್ಲಿ ಹಗ್ಗ ಬಿಗಿದು ನಾನು ಇದ್ದಲ್ಲೇ ನಿಂತೆ. ಎರಡು ಸಲ ಉಸಿರೆಳೆದುಕೊಂಡು, ಕಾಲು ಅಗಲಿಸಿ, ಮೈ ಹಿಂದಕ್ಕೆ ಬಾಗಿಸಿ ಮತ್ತೆ ಇಳಿದೆ.

ಆಮೇಲೆ ಮೆಟ್ಟಿಲು ಹತ್ತುವುದೇ ದೊಡ್ಡ ಕೆಲಸ. ಒದ್ದೆ ಹಗ್ಗ ಹೊತ್ತವನಿಗಂತೂ ಜಾಸ್ತಿ. ಮೇಲೆ ಬಂದಾಗ ಮೂರೂವರೆ. ಕಾರಲ್ಲಿದ್ದ ಚಿತ್ರಾನ್ನದ ಡಬ್ಬಿ ತೆಗೆಯುವ ಮೊದಲೇ ಮನೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.