ಡರ್ಹಮ್ ಬಿಷಪ್‌ಗಳ ಬೆಳ್ಳಿ ಪೆನ್ನಿ: ಗುರುತು ಹಿಡಿಯುವುದು ಹೇಗೆ?

ಇಂಗ್ಲೆಂಡಿನ ಉತ್ತರ ಭಾಗದ ಡರ್ಹಮ್‌ನಲ್ಲಿ ಮಧ್ಯಯುಗದ ಬಿಷಪ್‌ಗಳು ಧರ್ಮಗುರುಗಳೂ ಹೌದು, ಆ ಸೀಮೆಯ ಒಡೆಯರೂ ಹೌದು. ಅವರಿಗೆ ಸ್ವಂತ ಟಂಕಸಾಲೆಯಿತ್ತು. ಆದರೂ 1279ರ ನಂತರದ ಅವರ ಪೆನ್ನಿಗಳ ಮೇಲೆ ಕಾಣುವುದು ರಾಜನ ಮುಖ, ರಾಜನ ಹೆಸರು. ಬಿಷಪ್ ಯಾರೆಂದು ಹೇಳುವುದು ಒಂದು ಪುಟ್ಟ ಗುರುತು ಮಾತ್ರ. ಅದನ್ನು ಹುಡುಕುವ ಸುಖವೇ ಬೇರೆ. ಕೈಯಲ್ಲಿ ನಾಣ್ಯವಿಲ್ಲದಿದ್ದರೆ ಬ್ರಿಟಿಷ್ ಮ್ಯೂಸಿಯಂ ಜಾಲತಾಣದ ಚಿತ್ರಗಳು ಸಾಕು.

ಮೊದಲು ಹಿಂಬದಿ ನೋಡಿ. ಅಂಚಿನವರೆಗೆ ಚಾಚಿದ ಶಿಲುಬೆ, ಅದರ ನಾಲ್ಕು ಸಂದುಗಳಲ್ಲಿ ಮೂರು ಮೂರು ಚುಕ್ಕಿಗಳು ಇರುತ್ತವೆ. ಸುತ್ತಲಿನ ಲ್ಯಾಟಿನ್ ಬರಹದಲ್ಲಿ ‘ಸಿವಿಟಾಸ್’ (ನಗರ) ಆದ ಮೇಲೆ ‘ಡುರೆಮೆ’ ಅಥವಾ ‘ಡುನೆಲ್ಮ್’ ಎಂದಿದ್ದರೆ ನಾಣ್ಯ ಡರ್ಹಮ್‌ನದು.

ಈಗ ಮುಂಬದಿ. ಕಿರೀಟದ ನೇರ ಮೇಲೆ, ಬರಹ ಶುರುವಾಗುವ ಕಡೆ ಭೂತಗನ್ನಡಿ ಹಿಡಿಯಿರಿ. ತುದಿಗಳು ಕವಲೊಡೆದು ಬಾಗಿದ ಶಿಲುಬೆ ಕಂಡರೆ ಅದು 1311ರಲ್ಲಿ ತೀರಿಕೊಂಡ ಆಂಟನಿ ಬೆಕ್‌ನ ಗುರುತು. ಹಿಂಗಾಲ ಮೇಲೆ ನಿಂತ ಸಿಂಹ, ಜೊತೆಗೆ ಲಿಲಿ ಹೂ ಕಂಡರೆ ಲೂಯಿ ಡ ಬೋಮಾಂಟ್‌ನದು. ಎರಡೂ ಅವನ ಮನೆತನದ ಲಾಂಛನದವು.

ಸಾದಾ ಶಿಲುಬೆ ಇದೆಯೆಂದು ನಿರಾಶರಾಗಬೇಡಿ. ನನಗೆ ಎಲ್ಲಕ್ಕಿಂತ ಪ್ರಿಯವಾದವು ಅವೇ. ಬೆಕ್ ಒಂದನೇ ಎಡ್ವರ್ಡನೊಡನೆ ವಿರಸ ಕಟ್ಟಿಕೊಂಡಾಗ ರಾಜ ಅವನ ಆಸ್ತಿ, ಅಧಿಕಾರಗಳನ್ನು ಕಿತ್ತುಕೊಂಡ. ಆಗ ಟಂಕಸಾಲೆ ರಾಜನ ಅಧಿಕಾರಿಗಳ ವಶಕ್ಕೆ ಹೋಯಿತು, ಬಿಷಪ್‌ನ ಗುರುತು ಮಾಯವಾಯಿತು. ಒಂದು ರಾಜಕೀಯ ಜಗಳ ಬೆರಳ ತುದಿಯಷ್ಟು ಬೆಳ್ಳಿಯಲ್ಲಿ ಹಾಗೆಯೇ ಉಳಿದಿದೆ!

ಸಾದಾ ಶಿಲುಬೆಯಿದ್ದಾಗ ಮತ್ತೊಮ್ಮೆ ಹಿಂಬದಿಗೆ ಬನ್ನಿ. ಅಲ್ಲಿನ ಉದ್ದ ಶಿಲುಬೆಯ ಒಂದು ತೋಳು ಬಿಷಪ್‌ನ ಕೈಕೋಲಿನಂತೆ ಸುರುಳಿಯಾಗಿ ಬಾಗಿದ್ದರೆ ಅದು ರಿಚರ್ಡ್ ಕೆಲ್ಲಾವ್‌ನ (1311–1316) ಕಾಲದ್ದಾಗಿರಬಹುದು. ಇಲ್ಲಿ ಆತುರ ಬೇಡ, ಏಕೆಂದರೆ 1345ರಿಂದ 1381ರವರೆಗಿದ್ದ ಥಾಮಸ್ ಹ್ಯಾಟ್‌ಫೀಲ್ಡ್ ಕೂಡ ಕೈಕೋಲನ್ನೇ ಬಳಸಿದ. ಇಬ್ಬರನ್ನು ಬೇರ್ಪಡಿಸಲು ತಕ್ಕಡಿ ನೆರವಾಗುತ್ತದೆ. ಕೆಲ್ಲಾವ್‌ನ ಕಾಲದ ಪೆನ್ನಿ ಸುಮಾರು 1.4 ಗ್ರಾಂ ತೂಗಬೇಕು. 1351ರಲ್ಲಿ ಆ ತೂಕವನ್ನು ಸುಮಾರು 1.17 ಗ್ರಾಂಗೆ ಇಳಿಸಲಾಯಿತು. ಆದರೆ ಬೆಳ್ಳಿಯ ಆಸೆಗೆ ಅಂಚು ಕತ್ತರಿಸಿದ ನಾಣ್ಯವೂ ಹಗುರವಾಗಿರುತ್ತದೆ. ಆದ್ದರಿಂದ ಅಂಚಿನ ಅಕ್ಷರಗಳು ಪೂರ್ತಿ ಇವೆಯೇ ಎಂದು ನೋಡಿಕೊಂಡೇ ತೂಕವನ್ನು ನಂಬಿ.